ಕುರಿಗಾರರಿಗೆ ಸರ್ಕಾರದ ನೆರವು: ಮೊದಲು ಯಾವ ಕಾಗದ, ಆಮೇಲೆ ಯಾವ ಬಾಗಿಲು

ನಮ್ಮ ದೊಡ್ಡಪ್ಪನ ಮಂದೆಯಲ್ಲಿ ಒಂದೇ ಬೆಳಿಗ್ಗೆ 9 ಕುರಿ ಸತ್ತವು. ಕೊಯ್ದು ಬಿಟ್ಟ ಜೋಳದ ಹೊಲ, ಮಳೆ ಬಿದ್ದು ಕೂಳೆ ಚಿಗುರಿತ್ತು, ಹಸಿದ ಕುರಿಗಳು ನುಗ್ಗಿ ಮೇಯ್ದವು, ನೋಡನೋಡುತ್ತಲೇ ನಡುಗಿ ನೆಲಕ್ಕೆ ಬಿದ್ದವು. ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ ಅಂತ ದೊಡ್ಡಪ್ಪನಿಗೆ ಗೊತ್ತಿಲ್ಲದ್ದಲ್ಲ, ಕಣ್ಣು ತಪ್ಪಿದ್ದು ಹತ್ತು ನಿಮಿಷ ಅಷ್ಟೇ. ಮಧ್ಯಾಹ್ನದೊಳಗೆ ಗುಂಡಿ ತೋಡಿ ಎಲ್ಲವನ್ನೂ ಹೂತರು. ನನಗೆ ವಿಷಯ ಗೊತ್ತಾಗಿದ್ದು ಮೂರು ದಿನ ಆದ ಮೇಲೆ.

"ದೊಡ್ಡಪ್ಪ, ಡಾಕ್ಟರಿಗೆ ಹೇಳಿದ್ರಾ?" ಅಂದೆ.

"ಸತ್ತ ಮೇಲೆ ಡಾಕ್ಟರ್ ಬಂದು ಏನ್ ಮಾಡ್ತಾನೆ ಮಗಾ, ಬದುಕಿಸ್ತಾನಾ?" ಅಂದರು.

ಆಗಿನ ಲೆಕ್ಕದಲ್ಲಿ ಒಂದು ಕುರಿಗೆ 5,000 ರೂಪಾಯಿ ಪರಿಹಾರ ಇತ್ತು. 9 ಕುರಿಗೆ 45,000. ಮರಣೋತ್ತರ ಪರೀಕ್ಷೆ ಇಲ್ಲ, ಫೋಟೊ ಇಲ್ಲ, ಕುರಿಗಳ ಕಿವಿಯಲ್ಲಿ ಗುರುತಿನ ಸಂಖ್ಯೆಯ ಓಲೆ ಕೂಡ ಇರಲಿಲ್ಲ. ಹೂತ ಮಣ್ಣು ತೋರಿಸಿ ಯಾರ ಹತ್ತಿರ ದುಡ್ಡು ಕೇಳುವುದು? ಅವತ್ತಿನಿಂದ ನಾನು ನಮ್ಮ ಹಟ್ಟಿಯವರಿಗೆ, ಸುತ್ತಮುತ್ತಲ ಹಳ್ಳಿಯವರಿಗೆ ಅರ್ಜಿ ತುಂಬಿಕೊಡುತ್ತಾ ಬಂದಿದ್ದೇನೆ. ಆ ಅನುಭವದಲ್ಲಿ ಬರೆಯುತ್ತಿದ್ದೇನೆ, ಕುರಿ ಇರುವ ಮನೆಯವರು ಪೂರ್ತಿ ಓದಿ, ಓದಲು ಬಾರದ ಹಿರಿಯರಿದ್ದರೆ ಕೂರಿಸಿಕೊಂಡು ಓದಿ ಹೇಳಿ.

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ 1 ಕೋಟಿ 10 ಲಕ್ಷಕ್ಕೂ ಜಾಸ್ತಿ ಕುರಿಗಳಿವೆ. ದೇಶದಲ್ಲಿ ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ. ಇಷ್ಟು ಕುರಿ ಇದ್ದರೂ ಎಷ್ಟೋ ಮಂದೆಗಳು ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ಯೋಜನೆ ಇಲ್ಲ ಅಂತಲ್ಲ. ಯೋಜನೆ ಬಂದಾಗ ನಮ್ಮ ಕಾಗದ ಇರುವುದಿಲ್ಲ, ಅದೇ ತೊಂದರೆ. ಅದಕ್ಕೇ ಯೋಜನೆಗಳ ಹೆಸರಿಗೆ ಹೋಗುವ ಮೊದಲು ಕಾಗದದ ಮಾತು.

ಮೊದಲು ಮಾಡಿಸಿಡಬೇಕಾದ್ದು

ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟಿದ್ದೇನೆ ಅಂದರೆ ಸಾಲದು. ಸರ್ಕಾರದ ದುಡ್ಡು ನೇರವಾಗಿ ಬೀಳಬೇಕಾದರೆ ಎನ್‌ಪಿಸಿಐ ಜೋಡಣೆ ಅಂತ ಬೇರೆಯೇ ಇದೆ, ಬ್ಯಾಂಕಿನಲ್ಲಿ ಆ ಹೆಸರು ಹೇಳಿಯೇ ಕೇಳಬೇಕು. ಎರಡು ಮೂರು ಖಾತೆ ಇದ್ದವರಿಗೆ ಯಾವ ಖಾತೆಗೆ ಜೋಡಣೆಯಾಗಿದೆ ಅಂತಲೇ ಗೊತ್ತಿರುವುದಿಲ್ಲ. ದುಡ್ಡು ಬಂದು ಹಳೇ ಖಾತೆಯಲ್ಲಿ ಕೂತಿರುತ್ತದೆ, ಇವರು ಕಚೇರಿಗೆ ಅಲೆಯುತ್ತಿರುತ್ತಾರೆ.

ಆಮೇಲೆ ಫ್ರೂಟ್ಸ್ ಗುರುತಿನ ಸಂಖ್ಯೆ, ಅಂದರೆ ಸರ್ಕಾರದ ರೈತರ ನೋಂದಣಿ ಸಂಖ್ಯೆ, ಊರಲ್ಲಿ ಎಫ್‌ಐಡಿ ಅನ್ನುತ್ತಾರೆ. ಜಮೀನಿರುವವರಿಗೆ ಬೆಳೆ ಪರಿಹಾರಕ್ಕೋಸ್ಕರ ಈಗಾಗಲೇ ಆಗಿರುತ್ತದೆ. ಇಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ಇಲ್ಲವೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮತ್ತೊಂದು ಇದ್ದರೆ ಈಗಲೇ ಸರಿಮಾಡಿಸಿ. "ಕರಿಯಪ್ಪ" ಒಂದು ಕಡೆ "ಕರಿಯಣ್ಣ" ಆಗಿದ್ದಕ್ಕೆ ಅರ್ಜಿ ವಾಪಸ್ ಬಂದಿದ್ದನ್ನು ನಾನೇ ನೋಡಿದ್ದೇನೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುತ್ತವೆ. ಆದಾಯದ್ದಕ್ಕೆ ಅವಧಿ ಇರುತ್ತದೆ, ಮುಗಿದಿದೆಯಾ ನೋಡಿಕೊಳ್ಳಿ.

ಇನ್ನು ಕಿವಿಯೋಲೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನಮ್ಮವರು ಹೆಚ್ಚು ಬೇಡ ಅನ್ನುವುದು ಇದಕ್ಕೇ. ಕಿವಿ ಹರಿಯುತ್ತದೆ, ಹುಳ ಬೀಳುತ್ತದೆ, ಸಂತೆಯಲ್ಲಿ ಬೆಲೆ ಕಮ್ಮಿ ಕೇಳುತ್ತಾರೆ ಅಂತ. ಮಳೆಗಾಲದಲ್ಲಿ ಹಾಕಿಸಿದರೆ ನೊಣ ಕೂತು ಹುಳ ಬೀಳುವುದು ಉಂಟು, ಅದು ನಿಜ. ಅದಕ್ಕೆ ಒಣ ದಿನ ನೋಡಿ ಹಾಕಿಸಿ, ಮೂರು ನಾಲ್ಕು ದಿನ ಗಾಯಕ್ಕೆ ಔಷಧಿ ಹಚ್ಚಿ. ಆ ಹಳದಿ ಓಲೆಯ ಮೇಲೆ 12 ಅಂಕಿ ಇರುತ್ತದೆ. ನಿಮ್ಮ ಕುರಿಗೆ ಅದೇ ಆಧಾರ್ ಇದ್ದ ಹಾಗೆ. ಲಸಿಕೆ ಹಾಕಿದ್ದು, ವಿಮೆ ಮಾಡಿಸಿದ್ದು, ಸತ್ತದ್ದು ಎಲ್ಲ ಆ ಸಂಖ್ಯೆಯ ಮೇಲೆಯೇ ದಾಖಲಾಗುತ್ತದೆ. ಕುರಿ ಮಾರಿದರೆ, ಓಲೆ ಬಿದ್ದುಹೋದರೆ ಪಶು ಆಸ್ಪತ್ರೆಗೆ ಹೇಳಿ. ಒಂದು ನೋಟ್‌ಬುಕ್ಕಿನಲ್ಲಿ ಸಂಖ್ಯೆ ಬರೆದಿಡಿ, ಕುರಿಯ ಮುಖ ಮತ್ತು ಓಲೆ ಎರಡೂ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಕೊನೆಯದು, ಕುರಿ ಸಾಕಾಣಿಕೆದಾರರ ಸಹಕಾರ ಸಂಘದ ಸದಸ್ಯತ್ವ. ನಿಮ್ಮ ತಾಲ್ಲೂಕಿನಲ್ಲಿ, ಹೋಬಳಿಯಲ್ಲಿ ಸಂಘ ಇದೆಯಾ ಅಂತ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ. 2022ರಲ್ಲಿ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ ಬಂತು, 20 ಕುರಿ ಮತ್ತು 1 ಟಗರಿನ ಘಟಕ, 1.75 ಲಕ್ಷದ್ದು, 20,000 ಜನರಿಗೆ. ಅದು ಸಂಘದ ಸದಸ್ಯರಿಗೆ ಮಾತ್ರ ಇದ್ದದ್ದು. ತಲೆಮಾರಿನಿಂದ ಕುರಿ ಕಾಯ್ದವರು ಸದಸ್ಯತ್ವ ಇಲ್ಲ ಅಂತ ಹೊರಗೆ ಉಳಿದರು. ನೋಡಿ ಹೊಟ್ಟೆ ಉರಿಯಿತು. ಷೇರಿನ ದುಡ್ಡು ದೊಡ್ಡದೇನಲ್ಲ, ಕಟ್ಟಿ ರಸೀದಿ ತೆಗೆದುಕೊಳ್ಳಿ, ಸರ್ವ ಸದಸ್ಯರ ಸಭೆ ಕರೆದಾಗ ಹೋಗಿ ಸಹಿ ಹಾಕಿ. ಮನೆಯಲ್ಲಿ ಮಂದೆಯ ಅರ್ಧ ಕೆಲಸ ಹೆಂಗಸರದ್ದೇ ಅಲ್ವಾ, ಅವರನ್ನೂ ಸದಸ್ಯರನ್ನಾಗಿ ಮಾಡಿಸಿ.

ಕುರಿ ಸತ್ತರೆ: ಅನುಗ್ರಹ ಯೋಜನೆ

ಕುರಿಗಾರರಿಗೆ ಎಲ್ಲಕ್ಕಿಂತ ಬೇಗ ಕೈಗೆ ಸಿಗಬಹುದಾದ ನೆರವು ಇದೇ, ಅದಕ್ಕೆ ಮೊದಲು ಇದನ್ನೇ ಹೇಳುತ್ತೇನೆ. ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗೆ ರಾಜ್ಯ ಸರ್ಕಾರ ಕೊಡುವ ಪರಿಹಾರ. ನಡುವೆ ಕೆಲ ಕಾಲ ನಿಂತಿತ್ತು, 2023ರಲ್ಲಿ ಮತ್ತೆ ಶುರುವಾಯಿತು. 2025-26ರ ಬಜೆಟ್‌ನಲ್ಲಿ ಮೊತ್ತ ಹೆಚ್ಚಿಸಿದರು: ದೊಡ್ಡ ಕುರಿ, ಮೇಕೆಗೆ 5,000 ಇದ್ದದ್ದು 7,500 ಆಯಿತು, 3ರಿಂದ 6 ತಿಂಗಳ ಮರಿಗೆ 2,500 ಇದ್ದದ್ದು 3,500 ಆಯಿತು. ಒಳ್ಳೆ ಟಗರಿನ ಸಂತೆ ಬೆಲೆಗೆ ಇದು ಸಮ ಅಲ್ಲ, ಆದರೂ ಹತ್ತು ಕುರಿ ಸತ್ತಾಗ 75,000 ರೂಪಾಯಿ ಬಂದರೆ ಮತ್ತೆ ಮಂದೆ ಕಟ್ಟಲು ಒಂದು ಆಧಾರ.

ಹೇಗೆ ಮಾಡಬೇಕು? ಕುರಿ ಸತ್ತ ತಕ್ಷಣ, ಅದೇ ದಿನ, ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಆಸ್ಪತ್ರೆಯ ಡಾಕ್ಟರ ನಂಬರ್ ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ, ಆ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ. ಡಾಕ್ಟರ್ ಬರುವವರೆಗೆ ಹೂಳಬೇಡಿ, ಸುಡಬೇಡಿ, ಚರ್ಮ ಸುಲಿಯಬೇಡಿ, ಕಿವಿಯೋಲೆ ಕೀಳಬೇಡಿ. ನೆರಳಿನಲ್ಲಿ ಹಾಕಿ, ನಾಯಿ ಹದ್ದು ಮುಟ್ಟದ ಹಾಗೆ ಒಬ್ಬರನ್ನು ಕಾವಲಿಗೆ ಕೂರಿಸಿ. ಸತ್ತ ಜಾಗದಲ್ಲೇ ಫೋಟೊ ತೆಗೆಯಿರಿ, ಓಲೆಯ ಅಂಕಿ ಓದಲು ಬರುವ ಹಾಗೆ ಒಂದು, ಸತ್ತ ಎಲ್ಲ ಕುರಿ ಒಟ್ಟಿಗೆ ಕಾಣುವ ಹಾಗೆ ಒಂದು, ನೀವು ಪಕ್ಕದಲ್ಲಿ ನಿಂತಿರುವುದು ಒಂದು. ವಾಸನೆ ಬರುತ್ತದೆ, ಮನಸ್ಸಿಗೆ ಸಂಕಟ ಆಗುತ್ತದೆ, ಎಲ್ಲ ಗೊತ್ತು. ಆದರೆ ಆ ನಾಲ್ಕು ಗಂಟೆ ಕಾದರೆ ಮಾತ್ರ ಕಾಗದ ಆಗುತ್ತದೆ.

ಡಾಕ್ಟರ್ ಬಂದು ಮರಣೋತ್ತರ ಪರೀಕ್ಷೆ ಮಾಡಿ ವರದಿ ಕೊಡುತ್ತಾರೆ. ಅದರ ಜೊತೆಗೆ ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ, ಎಫ್‌ಐಡಿ, ಫೋಟೊ ಎಲ್ಲ ಸೇರಿಸಿ ಅರ್ಜಿ ಪಶು ಆಸ್ಪತ್ರೆಯ ಮೂಲಕವೇ ಮೇಲಕ್ಕೆ ಹೋಗುತ್ತದೆ. ನಿಮ್ಮ ಕೈಯಲ್ಲಿ ಒಂದು ಪ್ರತಿ ಇರಲೇಬೇಕು. ಅರ್ಜಿ ಕೊಟ್ಟ ತಾರೀಖು ಹಾಕಿಸಿ ಸಹಿ ಮಾಡಿಸಿಕೊಳ್ಳಿ. ದುಡ್ಡು ಕೂಡಲೇ ಬರುವುದಿಲ್ಲ. ಅನುದಾನ ಬಿಡುಗಡೆ ಆದ ಹಾಗೆ ಬರುತ್ತದೆ, ತಿಂಗಳುಗಟ್ಟಲೆ ಕಾದವರಿದ್ದಾರೆ.

ಒಂದು ಸಾವಿಗೆ ಎರಡು ಕಡೆ ಪರಿಹಾರ ಸಿಗುವುದಿಲ್ಲ, ಹಾಗಾಗಿ ಸಾವಿನ ಕಾರಣ ನೋಡಿ ಯಾವ ಬಾಗಿಲು ತಟ್ಟಬೇಕು ಅಂತ ತೀರ್ಮಾನಿಸಿ. ನೆರೆ, ಸಿಡಿಲು ಇಂಥದ್ದರಲ್ಲಿ ಸತ್ತರೆ ಕಂದಾಯ ಇಲಾಖೆಯಿಂದ ವಿಪತ್ತು ಪರಿಹಾರ ಇದೆ, ಕುರಿ ಮೇಕೆಗೆ ತಲಾ 4,000, ಒಂದು ಮನೆಗೆ 30ರವರೆಗೆ. ಇದಕ್ಕೆ ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಬರೆಯಬೇಕು, ಜೊತೆಗೆ ಡಾಕ್ಟರ ವರದಿ, ತಹಶೀಲ್ದಾರ್ ಕಚೇರಿಗೆ ಅರ್ಜಿ. ಯಾವುದರಲ್ಲಿ ಹೋದರೆ ನಿಮಗೆ ಒಳ್ಳೆಯದು ಅಂತ ಡಾಕ್ಟರ ಹತ್ತಿರವೇ ಕೂತು ಮಾತಾಡಿ, ಅವರಿಗೆ ಎರಡೂ ಗೊತ್ತಿರುತ್ತದೆ.

ತೋಳ, ಚಿರತೆ ಹಿಡಿದರೆ ಅರಣ್ಯ ಇಲಾಖೆ. ವಲಯ ಅರಣ್ಯಾಧಿಕಾರಿ ಕಚೇರಿಗೆ ತಕ್ಷಣ ತಿಳಿಸಿ, ಅವರ ಸಿಬ್ಬಂದಿ ಬಂದು ಹಲ್ಲಿನ ಗುರುತು, ಹೆಜ್ಜೆ ನೋಡುವವರೆಗೆ ಕಳೇಬರ ಕದಲಿಸಬೇಡಿ. ಸಿಟ್ಟಿನಲ್ಲಿ ಕೆಲವರು ಅದಕ್ಕೆ ವಿಷ ಹಾಕಿಡುತ್ತಾರೆ. ದಯವಿಟ್ಟು ಬೇಡ. ತೋಳ ಕಾನೂನಿನ ಪ್ರಕಾರ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ, ಪರಿಹಾರ ಹೋಗುವುದಲ್ಲದೆ ಕೇಸು ಮೈಮೇಲೆ ಬರುತ್ತದೆ. ನಮ್ಮ ನಾಯಿಗಳೂ ಅದನ್ನೇ ತಿಂದು ಸಾಯುತ್ತವೆ.

ವಿಮೆ

ಮಾಡಿಸಿ ಅಂದರೆ ನಗುತ್ತಾರೆ. ಸುಮ್ನೆ ದುಡ್ಡು ದಂಡ ಅಂತ. ಆದರೆ 2024ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯ ನಿಯಮ ಬದಲಿಸಿದೆ. ಪ್ರೀಮಿಯಂನಲ್ಲಿ ಸಾಕುವವರು ಕಟ್ಟಬೇಕಾದ್ದು ಶೇಕಡ 15 ಮಾತ್ರ. ಪ್ರೀಮಿಯಂ 100 ರೂಪಾಯಿ ಆದರೆ ನಿಮ್ಮ ಪಾಲು 15, ಉಳಿದ 85 ಕೇಂದ್ರ ಮತ್ತು ರಾಜ್ಯ ಸೇರಿ ಕೊಡುತ್ತವೆ. ಒಂದು ಮನೆಗೆ 10 ಜಾನುವಾರು ಘಟಕದವರೆಗೆ, ಒಂದು ಘಟಕ ಅಂದರೆ 10 ಕುರಿ, ಅಂದರೆ 100 ಕುರಿಗೆ ಈ ರಿಯಾಯಿತಿ ಸಿಗುತ್ತದೆ.

ಇಲ್ಲಿ ಓಲೆಯೇ ಪ್ರಾಣ. ಓಲೆ ಇಲ್ಲದ ಕುರಿಗೆ ಕ್ಲೇಮ್ ಇಲ್ಲ, ವಾದ ಮಾಡಿ ಪ್ರಯೋಜನ ಇಲ್ಲ. ಓಲೆ ಬಿದ್ದರೆ ಹೊಸದು ಹಾಕಿಸಿ, ಆ ಸಂಖ್ಯೆಯನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಪಾಲಿಸಿ ಶುರುವಾದ ಮೊದಲ ಕೆಲವು ದಿನ ರೋಗದಿಂದ ಸತ್ತರೆ ದುಡ್ಡು ಬರುವುದಿಲ್ಲ, ಎಷ್ಟು ದಿನ ಅಂತ ಮಾಡಿಸುವಾಗಲೇ ಕೇಳಿ. ರೋಗ ಬಂದ ಮೇಲೆ ಓಡಿಹೋಗಿ ವಿಮೆ ಮಾಡಿಸಲು ಆಗುವುದಿಲ್ಲ, ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ಮುಗಿಸಿಕೊಳ್ಳಿ. ನನ್ನನ್ನು ಕೇಳಿದರೆ ಇಡೀ ಮಂದೆಗೆ ಆಗದಿದ್ದರೂ ತಳಿಗೆ ಬಿಟ್ಟ ಟಗರು, ಒಳ್ಳೆ ಈಯುವ ಕುರಿಗಳಿಗಾದರೂ ಮಾಡಿಸಿ.

ಪುಕ್ಕಟೆ ಸಿಗುವ ಲಸಿಕೆ

ಪಿಪಿಆರ್ ಅನ್ನುವ ಕುರಿ ಮೇಕೆಗಳ ಅಂಟುರೋಗದ ಲಸಿಕೆಗೆ ನೀವು ದುಡ್ಡು ಕೊಡಬೇಕಿಲ್ಲ. 2030ರೊಳಗೆ ಈ ರೋಗವನ್ನೇ ದೇಶದಿಂದ ಓಡಿಸಬೇಕು ಅಂತ ಸರ್ಕಾರ ಅಭಿಯಾನ ಮಾಡುತ್ತಿದೆ. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ ಮಂದೆಗೆ ಮಂದೆಯೇ ಮಲಗುವ ರೋಗ ಅದು, ಕಂಡವರಿಗೆ ಮರೆಯುವುದಿಲ್ಲ. ಒಮ್ಮೆ ಸರಿಯಾಗಿ ಹಾಕಿಸಿದರೆ ಮೂರು ವರ್ಷ ತಡೆಯುತ್ತದೆ. ನಾಲ್ಕು ತಿಂಗಳು ದಾಟಿದ ಮರಿಗಳನ್ನೂ ಬಿಡದೆ ಹಾಕಿಸಿ.

ಕರುಳುಬೇನೆಯದು ಬೇರೆ. ಅದಕ್ಕೆ ಪ್ರತಿ ವರ್ಷ, ಮಳೆ ಬೀಳುವ ಮೊದಲು. ಹೊಸ ಹುಲ್ಲು ಚಿಗುರಿದಾಗ ಹೊಟ್ಟೆ ತುಂಬ ಮೇಯ್ದ ಕೊಬ್ಬಿದ ಕುರಿಯೇ ರಾತ್ರೋರಾತ್ರಿ ಸಾಯುವುದು ಇದರಲ್ಲಿ. ನೀಲಿ ನಾಲಿಗೆ ರೋಗ ಮಳೆ ಬಿದ್ದ ಮೇಲೆ ಸಣ್ಣ ನೊಣಗಳಿಂದ ಹರಡುತ್ತದೆ, ಅದಕ್ಕೂ ಲಸಿಕೆ ಇದೆ. ಜಂತಿನ ಔಷಧಿ ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕುಡಿಸಿ. ಆಸ್ಪತ್ರೆಯಲ್ಲಿ ದಾಸ್ತಾನು ಇದ್ದಾಗ ಪುಕ್ಕಟೆ ಕೊಡುತ್ತಾರೆ, ಆದರೆ ದಾಸ್ತಾನು ಬೇಗ ಮುಗಿಯುತ್ತದೆ. ಏಪ್ರಿಲ್‌ನಲ್ಲೇ ಹೋಗಿ ನಿಮ್ಮ ಹಟ್ಟಿಯಲ್ಲಿ ಒಟ್ಟು ಎಷ್ಟು ಕುರಿ ಇವೆ ಅಂತ ಬರೆದುಕೊಟ್ಟು ಬನ್ನಿ. ಹತ್ತು ಮನೆಯವರು ಸೇರಿ ಹೇಳಿದರೆ ಡಾಕ್ಟರೇ ಹಟ್ಟಿಗೆ ಬರುತ್ತಾರೆ.

ಕುರಿಗೆ ತುರ್ತು ಆದಾಗ 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ ಅದು, ಕರೆಗೆ ದುಡ್ಡಿಲ್ಲ. ಎಲ್ಲಿದ್ದೀರಿ ಅಂತ ಸರಿಯಾಗಿ ಹೇಳಬೇಕು, ಅಡವಿಯಲ್ಲಿದ್ದರೆ ಹತ್ತಿರದ ಊರು, ಗುಡಿ, ಕೆರೆಯ ಗುರುತು ಹೇಳಿ.

ಸಾಲ: ಕಿಸಾನ್ ಕ್ರೆಡಿಟ್ ಕಾರ್ಡ್

ಇದು ಜಮೀನಿರುವವರಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. 2019ರಿಂದ ಕುರಿ, ಮೇಕೆ, ಹಸು ಸಾಕುವವರಿಗೂ ಕೊಡುತ್ತಾರೆ. ಮೇವು, ಔಷಧಿ, ಕೂಲಿ ಇಂಥ ದಿನದ ಖರ್ಚಿಗೆ. 2 ಲಕ್ಷದವರೆಗೆ ಬಡ್ಡಿ ಶೇಕಡ 7, ವಾಯಿದೆಯೊಳಗೆ ಕಟ್ಟಿದರೆ ಅದರಲ್ಲಿ 3 ವಾಪಸ್, ಕೊನೆಗೆ ಬೀಳುವುದು ಶೇಕಡ 4. 2025ರ ಜನವರಿಯಿಂದ 2 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಬ್ಯಾಂಕಿನವರು ಪಹಣಿ ಇಲ್ಲದೆ ಆಗುವುದಿಲ್ಲ ಅಂದರೆ "ಪಶುಸಂಗೋಪನೆಯ ಕಿಸಾನ್ ಕಾರ್ಡ್ ಕೇಳುತ್ತಿದ್ದೇನೆ" ಅಂತ ಬಿಡಿಸಿ ಹೇಳಿ, ನಿಮ್ಮಲ್ಲಿ ಎಷ್ಟು ಕುರಿ ಇವೆ ಅಂತ ಪಶು ವೈದ್ಯರಿಂದ ಬರೆಸಿಕೊಂಡು ಹೋಗಿ. ಕೊಡುವುದಿಲ್ಲ ಅಂದರೆ ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ.

ಮರಿ ತರಲು ಕೈಸಾಲ ತೆಗೆದು ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಕಟ್ಟುವವರನ್ನು ನಾನು ದಿನವೂ ನೋಡುತ್ತೇನೆ. ವರ್ಷಕ್ಕೆ ಶೇಕಡ 36 ಆಯಿತು ಅದು. ಶೇಕಡ 4ರ ಸಾಲ ಬ್ಯಾಂಕಿನಲ್ಲಿ ಇರುವಾಗ ಇದು ಸಂಕಟದ ವಿಷಯ.

ದೊಡ್ಡ ಯೋಜನೆ: 100 ಕುರಿಯಿಂದ 500 ಕುರಿಯವರೆಗೆ

ವಾಟ್ಸಪ್ಪಿನಲ್ಲಿ "ಕುರಿ ಸಾಕಿದರೆ ಸರ್ಕಾರದಿಂದ 50 ಲಕ್ಷ ಉಚಿತ" ಅಂತ ಓಡಾಡುತ್ತದಲ್ಲ, ಅದರ ಮೂಲ ರಾಷ್ಟ್ರೀಯ ಜಾನುವಾರು ಮಿಷನ್ನಿನ ಉದ್ಯಮಶೀಲತಾ ಯೋಜನೆ. ಉಚಿತ ಅಲ್ಲ. ಯೋಜನಾ ವೆಚ್ಚದ ಅರ್ಧದಷ್ಟು ಸಹಾಯಧನ, ಅದಕ್ಕೂ ಮಿತಿ ಇದೆ. 100 ಕುರಿ 5 ಟಗರಿನ ಘಟಕಕ್ಕೆ ಹೆಚ್ಚೆಂದರೆ 10 ಲಕ್ಷ, 200ಕ್ಕೆ 20 ಲಕ್ಷ, ಹೀಗೆ ಏರುತ್ತಾ 500 ಕುರಿ 25 ಟಗರಿಗೆ 50 ಲಕ್ಷ. 100 ಕುರಿಯ ನಿಮ್ಮ ಯೋಜನೆ 14 ಲಕ್ಷದ್ದಾದರೆ ಸಿಗುವುದು 7 ಲಕ್ಷ. ಉಳಿದ 7 ಲಕ್ಷ ನಿಮ್ಮ ಕೈಯಿಂದ ಮತ್ತು ಬ್ಯಾಂಕ್ ಸಾಲದಿಂದ.

ಅರ್ಜಿ ಆನ್‌ಲೈನ್, ಎನ್‌ಎಲ್‌ಎಂ ಉದ್ಯಮಿಮಿತ್ರ ಅನ್ನುವ ಪೋರ್ಟಲ್‌ನಲ್ಲಿ. ಒಬ್ಬರೇ ಹಾಕಬಹುದು, ಸ್ವಸಹಾಯ ಸಂಘ, ರೈತ ಉತ್ಪಾದಕ ಸಂಸ್ಥೆ ಕೂಡ ಹಾಕಬಹುದು. ಅರ್ಜಿಯನ್ನು ರಾಜ್ಯದವರು ನೋಡುತ್ತಾರೆ, ಆಮೇಲೆ ಬ್ಯಾಂಕ್ ಸಾಲ ಮಂಜೂರು ಮಾಡಬೇಕು, ಆಮೇಲೆ ರಾಜ್ಯ ಸಮಿತಿಯ ಶಿಫಾರಸು, ಕೊನೆಗೆ ದೆಹಲಿಯ ಒಪ್ಪಿಗೆ. ಸಹಾಯಧನ ಎರಡು ಕಂತು. ಬ್ಯಾಂಕ್ ತನ್ನ ಸಾಲದ ಮೊದಲ ಕಂತು ಬಿಟ್ಟ ಮೇಲೆ ಒಂದು, ಘಟಕ ಪೂರ್ತಿ ಆಗಿ ಅಧಿಕಾರಿಗಳು ಬಂದು ನೋಡಿದ ಮೇಲೆ ಇನ್ನೊಂದು. ಜಮೀನು ಕೊಳ್ಳಲು, ಬಾಡಿಗೆಗೆ, ಸ್ವಂತ ಓಡಾಟದ ಗಾಡಿಗೆ, ದಿನದ ಖರ್ಚಿಗೆ ಈ ದುಡ್ಡು ಬಳಸುವಂತಿಲ್ಲ.

ಬೇಕಾಗುವ ಕಾಗದ ಜಾಸ್ತಿ ಇದೆ: ಆಧಾರ್, ಪ್ಯಾನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸ್ವಂತ ಇಲ್ಲವೇ ಗುತ್ತಿಗೆ ಜಮೀನಿನ ದಾಖಲೆ, ತರಬೇತಿ ಅಥವಾ ಅನುಭವದ ಪ್ರಮಾಣಪತ್ರ, ಮತ್ತೆ ಯೋಜನಾ ವರದಿ. ತರಬೇತಿಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಪಶುಪಾಲನಾ ತರಬೇತಿ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿಗೆ ಹೋದಾಗ ಸುಮ್ನೆ ಸರ್ಟಿಫಿಕೇಟಿಗೆ ಕೂರಬೇಡಿ, ಶೆಡ್ ಎತ್ತರ, ಗಾಳಿ, ಮೇವಿನ ಲೆಕ್ಕ ಎಲ್ಲ ಕೇಳಿ.

ಯೋಜನಾ ವರದಿ ವಿಷಯದಲ್ಲೇ ಮೋಸ ನಡೆಯುವುದು. "ವರದಿ ನಾವೇ ಮಾಡುತ್ತೇವೆ, ಸಾಲ ನಾವೇ ಮಾಡಿಸುತ್ತೇವೆ, ಸಬ್ಸಿಡಿಯಲ್ಲಿ ಇಷ್ಟು ಪಾಲು ಕೊಡಿ, ಮೊದಲು 50,000 ಹಾಕಿ" ಅಂತ ಫೋನ್ ಬರುತ್ತದೆ. ನಮ್ಮ ಪಕ್ಕದೂರಿನ ಹುಡುಗನೊಬ್ಬ ಹೀಗೆ ದುಡ್ಡು ಹಾಕಿ, ಆಮೇಲೆ ಆ ನಂಬರೇ ಇಲ್ಲ. ಅರ್ಜಿ ಹಾಕಲು ಸರ್ಕಾರ ದುಡ್ಡು ಕೇಳುವುದಿಲ್ಲ. ವರದಿ ಬರೆಸಲು ಲೆಕ್ಕ ಬಲ್ಲವರಿಗೆ ಕೂಲಿ ಕೊಡಿ, ತಪ್ಪಿಲ್ಲ, ಆದರೆ ಪೋರ್ಟಲ್‌ನ ಪಾಸ್‌ವರ್ಡ್, ಓಟಿಪಿ, ಖಾಲಿ ಚೆಕ್ಕು ಯಾರ ಕೈಗೂ ಕೊಡಬೇಡಿ. ವರದಿಯಲ್ಲಿ ಏನು ಬರೆದಿದ್ದಾರೆ ಅಂತ ಸಾಲು ಸಾಲಾಗಿ ಓದಿಸಿಕೊಳ್ಳಿ. ಬ್ಯಾಂಕ್ ಮ್ಯಾನೇಜರ್ ಪ್ರಶ್ನೆ ಕೇಳುವುದು ನಿಮ್ಮನ್ನೇ.

ಇದು ಯಾರಿಗೆ ಸರಿ ಅನ್ನುವ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನೀರಿರುವ ಎರಡು ಎಕರೆಯಾದರೂ ಮೇವಿಗೆ ಬಿಡಲು ಆಗುವವರಿಗೆ, ಈಗಾಗಲೇ 30-40 ಕುರಿ ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿ ನೋಡಿದವರಿಗೆ ಸರಿ. ಬಯಲಲ್ಲಿ ಮೇಯಿಸಿ ಗೊತ್ತಿರುವುದೇ ಬೇರೆ, ಕೂಡಿಹಾಕಿ ಸಾಕುವುದೇ ಬೇರೆ. ಮೇವು ಪೂರ್ತಿ ನೀವೇ ಕೊಡಬೇಕು, ಒಂದಕ್ಕೆ ಕೆಮ್ಮು ಬಂದರೆ ನೂರಕ್ಕೂ ಬರುತ್ತದೆ. ಇನ್ನೊಂದು ಲೆಕ್ಕ ಹಾಕಿ: ಕುರಿ ಗಬ್ಬ ನಿಂತು ಈಯಲು ಐದು ತಿಂಗಳು, ಮರಿ ಸಂತೆಗೆ ಬರಲು ಇನ್ನೂ ನಾಲ್ಕೈದು ತಿಂಗಳು. ಕುರಿ ತಂದು ಹತ್ತು ತಿಂಗಳು ದುಡ್ಡು ಹೋಗುತ್ತಲೇ ಇರುತ್ತದೆ, ಬರುವುದಿಲ್ಲ. ಸಾಲದ ಕಂತು ಶುರುವಾಗುವುದು ಯಾವಾಗ, ಎಷ್ಟು ತಿಂಗಳು ಬಿಡುವು ಕೊಡುತ್ತೀರಿ ಅಂತ ಸಹಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿ.

ತಳಿ ಆರಿಸುವಾಗ ನಿಮ್ಮ ಸೀಮೆಯದ್ದನ್ನೇ ನೋಡಿ. ಕೊಪ್ಪಳ, ರಾಯಚೂರು ಕಡೆ ಕೆಂಗುರಿ, ಮಂಡ್ಯದ ಕಡೆ ಬಂಡೂರು, ನಮ್ಮ ಬಯಲುಸೀಮೆಗೆ ಬಳ್ಳಾರಿ ತಳಿ, ಬಾಗಲಕೋಟೆ ಕಡೆ ಯಳಗ. ದೂರದ ರಾಜ್ಯದಿಂದ ಲಾರಿಯಲ್ಲಿ ತಂದ ಕುರಿ ಹೊಸ ನೀರು, ಹೊಸ ಹವೆಗೆ ಮೊದಲ ತಿಂಗಳಲ್ಲೇ ಸಾಯುವುದನ್ನು ಎಷ್ಟು ಕಡೆ ನೋಡಿಲ್ಲ? ಸರ್ಕಾರದ ಕುರಿ ತಳಿ ಕೇಂದ್ರಗಳಿವೆ, ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಬಂಡೂರು ತಳಿಗೆ, ಬಾಗಲಕೋಟೆ ಜಿಲ್ಲೆಯ ಅನಗವಾಡಿಯಲ್ಲೂ ಒಂದಿದೆ. ಟಗರು ಬೇಕಾದವರು ಅಲ್ಲಿ ಮೊದಲೇ ಹೆಸರು ಬರೆಸಿ.

ಶೆಡ್ ಮತ್ತೆ ಬೇರೆ ಸಣ್ಣ ನೆರವು

ಕುರಿ ದೊಡ್ಡಿಯನ್ನು ಉದ್ಯೋಗ ಖಾತರಿಯ ವೈಯಕ್ತಿಕ ಕಾಮಗಾರಿಯಲ್ಲಿ ಬಹಳ ಜನ ಕಟ್ಟಿಸಿಕೊಂಡಿದ್ದಾರೆ. ಉದ್ಯೋಗ ಖಾತರಿಗೆ ಈಗ ಹೊಸ ಕಾನೂನು ಬಂದಿರುವುದರಿಂದ ಪಂಚಾಯಿತಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ, ಗ್ರಾಮ ಸಭೆಯ ದಿನ ಹೋಗಿ ಕ್ರಿಯಾ ಯೋಜನೆಯಲ್ಲಿ ಹೆಸರು ಸೇರಿಸಿ ಅಂತ ಬರೆದುಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಯೋಜನೆಗೆ ಸೇರುವುದಿಲ್ಲ. ಕಟ್ಟುವ ಮೊದಲಿನ ಫೋಟೊ ಆಗುವವರೆಗೆ ಕೆಲಸ ಶುರು ಮಾಡಬೇಡಿ, ಮೊದಲೇ ಕಟ್ಟಿಬಿಟ್ಟರೆ ಬಿಲ್ ಆಗುವುದಿಲ್ಲ.

ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದಿಂದ ಆಗಾಗ ಘಟಕ ಯೋಜನೆ, ತರಬೇತಿ, ಸಂಚಾರಿ ಕುರಿಗಾರರಿಗೆ ಟೆಂಟು ಮತ್ತು ಪರಿಕರದ ಕಿಟ್ಟು ಬರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಬೇರೆ ಅನುದಾನದಲ್ಲಿ ಕುರಿ ಮೇಕೆ ಘಟಕ ಬರುತ್ತದೆ. ಇವೆಲ್ಲ ವರ್ಷವಿಡೀ ತೆರೆದಿರುವುದಿಲ್ಲ, ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬಂದು ಹದಿನೈದು ಇಪ್ಪತ್ತು ದಿನಕ್ಕೆ ಮುಗಿದುಹೋಗುತ್ತದೆ. ತಿಂಗಳಿಗೊಮ್ಮೆ ಪಶು ಆಸ್ಪತ್ರೆಯ ಸೂಚನಾ ಫಲಕ ನೋಡಿ ಬರುವುದನ್ನು ಮನೆಯ ಒಬ್ಬ ಹುಡುಗನಿಗೋ ಹುಡುಗಿಗೋ ವಹಿಸಿ.

ಮಂದೆ ಜೊತೆ ದೂರ ಹೋಗುವವರಿಗೆ

ನಿಮಗೇ ಎಲ್ಲಕ್ಕಿಂತ ಕಷ್ಟ. ಕುರಿ ಸಾಯುವುದು ಒಂದು ಜಿಲ್ಲೆಯಲ್ಲಿ, ಕಾಗದ ಇರುವುದು ಇನ್ನೊಂದು ಜಿಲ್ಲೆಯಲ್ಲಿ. ಹೊರಡುವ ಮೊದಲು ಎಲ್ಲ ದಾಖಲೆಯ ಪ್ರತಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಂಬಳಿ ಗಂಟಿನಲ್ಲಿ ಇಟ್ಟುಕೊಳ್ಳಿ, ಫೋಟೊ ಮೊಬೈಲಿನಲ್ಲೂ ಇರಲಿ. ಊರಿನ ಡಾಕ್ಟರಿಗೆ "ಇಷ್ಟು ಕುರಿ, ಇಂಥ ಕಡೆ ಹೋಗುತ್ತಿದ್ದೇವೆ" ಅಂತ ತಿಳಿಸಿ ಹೋಗಿ. ದಾರಿಯಲ್ಲಿ ಕುರಿ ಸತ್ತರೆ ಅಲ್ಲಿನ ಪಶು ಆಸ್ಪತ್ರೆಯ ಡಾಕ್ಟರನ್ನೇ ಕರೆಸಿ, ಸತ್ತ ಜಾಗದಲ್ಲೇ ಮರಣೋತ್ತರ ಪರೀಕ್ಷೆ ಆಗಬೇಕು, ವರದಿಯಲ್ಲಿ ನಿಮ್ಮ ಸ್ವಂತ ಊರು, ತಾಲ್ಲೂಕು ಬರೆಸಿ. ನಿಮ್ಮೂರಿನ ಡಾಕ್ಟರಿಗೂ ಅದೇ ದಿನ ಫೋನ್ ಮಾಡಿ, ಅರ್ಜಿ ಎಲ್ಲಿಂದ ಕಳಿಸಬೇಕು ಅಂತ ಅವರಿಬ್ಬರೇ ಮಾತಾಡಿಕೊಳ್ಳಲಿ.

ಕುರಿ ಕಳವು, ಹೊಡೆದಾಟ ಆದರೆ ಸುಮ್ನೆ ಮುಂದಿನ ಊರಿಗೆ ಹೋಗಿಬಿಡಬೇಡಿ, ನಮ್ಮವರು ಅದೇ ತಪ್ಪು ಮಾಡುವುದು. 112ಕ್ಕೆ ಫೋನ್ ಮಾಡಿ, ಠಾಣೆಗೆ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಗೆ ಅಂತಲೇ 2025ರಲ್ಲಿ ನಮ್ಮ ವಿಧಾನಮಂಡಲ ಮಸೂದೆ ಒಪ್ಪಿದೆ. ಅದರ ಕೆಳಗೆ ನೋಂದಣಿ, ಗುರುತಿನ ಚೀಟಿ ವಿಷಯ ಪಶು ಆಸ್ಪತ್ರೆಯಲ್ಲಿ, ನಿಮ್ಮ ಸಂಘದಲ್ಲಿ ಕೇಳುತ್ತಾ ಇರಿ.

ಅರ್ಜಿ ಕೊಟ್ಟು ಆರು ತಿಂಗಳಾದರೂ ಸುದ್ದಿ ಇಲ್ಲ ಅಂದರೆ ಮೊದಲು ಆಸ್ಪತ್ರೆಯಲ್ಲಿ ಕೇಳಿ, ಆಮೇಲೆ ತಾಲ್ಲೂಕಿನ ಸಹಾಯಕ ನಿರ್ದೇಶಕರನ್ನು, ಆಮೇಲೆ ಜಿಲ್ಲೆಯ ಉಪ ನಿರ್ದೇಶಕರನ್ನು. ಪ್ರತಿ ಸಲ ನಿಮ್ಮ ಸ್ವೀಕೃತಿ ಪ್ರತಿ ತೋರಿಸಿ ಮಾತಾಡಿ. ಎಲ್ಲೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ "ಇಂಥ ತಾರೀಖಿನ ನನ್ನ ಅರ್ಜಿ ಈಗ ಯಾರ ಬಳಿ ಇದೆ, ಇಲ್ಲಿವರೆಗೆ ಏನು ಕ್ರಮ ಆಗಿದೆ" ಅಂತ ಎರಡೇ ಸಾಲು ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ದೊಡ್ಡಪ್ಪನದು ಹೋದ ವರ್ಷ ಎರಡು ಕುರಿ ಹಾವು ಕಚ್ಚಿ ಸತ್ತಾಗ ಹೀಗೇ ಬರೆದೆವು. ಬ್ಯಾಂಕ್ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿ ಅರ್ಜಿ ಒಂದು ಮೇಜಿನ ಮೇಲೆ ಕೂತಿತ್ತು. ಸರಿಮಾಡಿ ಕೊಟ್ಟೆವು, ದುಡ್ಡು ಬಂತು.